ಬ್ಯಾಕ್ಟೀರಿಯಾ ಇದೆ, ಕಾಯಿಲೆ ಇಲ್ಲ

ಉಸಿರಿನ ದಾರಿಯಲ್ಲೆಲ್ಲ ನಾಯಿಕೆಮ್ಮಿನ ಬ್ಯಾಕ್ಟೀರಿಯಾ ತುಂಬಿಕೊಂಡಿದ್ದರೂ ಬಬೂನ್ ಮರಿಗಳು ಮೈ ತುಂಬಿಕೊಂಡು ಬೆಳೆದವು! 2020ರ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಈ ಪ್ರಯೋಗದ ವರದಿ ಓದಿದಾಗಿನಿಂದ ನನಗೆ ಅದರದೇ ಗುಂಗು.

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಜೆನಿಫರ್ ಮೇನಾರ್ಡ್ ತಂಡ ಮತ್ತು ಸಂಗಡಿಗರು ನವಜಾತ ಮರಿಗಳಿಗೆ ಪ್ರತಿಕಾಯದ ಒಂದೇ ಡೋಸ್ ಕೊಟ್ಟರು. ಐದು ವಾರ ಬಿಟ್ಟು ಸೋಂಕು ತಗುಲಿಸಿದರು. ಔಷಧ ಪಡೆದ ಮರಿಗಳಲ್ಲೂ ಪಡೆಯದ ಮರಿಗಳಲ್ಲೂ ಬ್ಯಾಕ್ಟೀರಿಯಾ ಯಥೇಚ್ಛವಾಗಿ ಬೆಳೆಯಿತು. ಆದರೆ ಪಡೆದ ಮರಿಗಳ ತೂಕ ಚೆನ್ನಾಗಿ ಏರಿತು, ಬಿಳಿ ರಕ್ತಕಣಗಳ ಸಂಖ್ಯೆ ಹತೋಟಿಯಲ್ಲಿತ್ತು, ರೋಗಲಕ್ಷಣ ಕಡಿಮೆ.

ಅಚ್ಚರಿಯ ಗುಟ್ಟು ಇಲ್ಲಿದೆ. ಈ ಪ್ರತಿಕಾಯ ಬ್ಯಾಕ್ಟೀರಿಯಾದ ತಂಟೆಗೇ ಹೋಗುವುದಿಲ್ಲ, ಅದು ಉಗುಳುವ ವಿಷವನ್ನಷ್ಟೇ ಹಿಡಿಯುತ್ತದೆ. ಹಸುಳೆಯ ರಕ್ತದಲ್ಲಿ ಬಿಳಿ ಕಣಗಳನ್ನು ಮಿತಿಮೀರಿ ಏರಿಸಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ತಂದು ಜೀವಕ್ಕೆ ಎರವಾಗುವುದು ಆ ವಿಷವೇ. 11ಇ6 ಎಂಬ ಪ್ರತಿಕಾಯ ವಿಷವನ್ನು ಜೀವಕೋಶಕ್ಕೆ ಅಂಟಲು ಬಿಡುವುದಿಲ್ಲ. ನನಗೆ ಅಚ್ಚುಮೆಚ್ಚು ಇನ್ನೊಂದು, ಬಬೂನ್ ಮರಿಗಳಿಗೆ ಕೊಟ್ಟ 1ಬಿ7. ಅದು ವಿಷವನ್ನು ಒಳಗೆ ಬರಗೊಟ್ಟು, ಆಮೇಲೆ ದಾರಿ ತಪ್ಪಿಸುತ್ತದೆ! ಇದರ ಮೂಲ ರೂಪವನ್ನು ಇಲಿಗಳಿಂದ ಪಡೆದವರು 1980ರ ದಶಕದ ಜಪಾನಿನ ಹಿರೊಕೊ ಸಾಟೊ, ಯೂಜಿ ಸಾಟೊ ಮತ್ತು ಸಂಗಾತಿಗಳು. ಅದನ್ನು ಮನುಷ್ಯರಿಗೆ ಒಗ್ಗುವಂತೆ ತಿದ್ದಿದ್ದು, ರಕ್ತದಲ್ಲಿ ಹೆಚ್ಚು ದಿನ ಉಳಿಯುವ ರೂಪ ಕೊಟ್ಟಿದ್ದು ಮೇನಾರ್ಡ್ ತಂಡ.

ವಿಜ್ಞಾನಿಗಳಾದ ಬೋರ್ಡೆ ಮತ್ತು ಜಾಂಗು ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದು 1906ರಲ್ಲಿ. ಲಸಿಕೆಗಳು ಬಂದವು, ಚೇತರಿಸಿಕೊಂಡವರ ಸೀರಮ್ ಕೊಟ್ಟು ನೋಡಿದ್ದೂ ಆಯಿತು. ಆದರೂ ಎಳೆಗೂಸಿನ ಮೊದಲ ವಾರಗಳು ರಕ್ಷಣೆಯಿಲ್ಲದೆಯೇ ಉಳಿದಿವೆ. ನಮ್ಮಲ್ಲಿ ನಾಯಿಕೆಮ್ಮನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಚುಚ್ಚುಮದ್ದು ಆರನೇ ವಾರಕ್ಕೆ. ಮರಿಗಳ ಪ್ರಯೋಗದಲ್ಲಿ ಕಾದದ್ದು ಐದು ವಾರ. ಅದಕ್ಕೇ ಈ ಲೆಕ್ಕ ನನ್ನನ್ನು ಇಷ್ಟು ಸೆಳೆಯಿತು.

ಅನುಮಾನಗಳೂ ಇವೆ. ಬ್ಯಾಕ್ಟೀರಿಯಾ ಉಳಿದ ಮಗು ಮನೆಮಂದಿಗೆ ಸೋಂಕು ಹರಡಬಹುದು, ಹಾಗಾಗಿ ಆಂಟಿಬಯೋಟಿಕ್ ತಪ್ಪುವುದಿಲ್ಲ. ಇಂಥ ಪ್ರತಿಕಾಯಗಳು ದುಬಾರಿ. ಬಡ ದೇಶಗಳ ಹೆರಿಗೆ ವಾರ್ಡಿಗೆ ತಲುಪುವ ಬೆಲೆಯಲ್ಲಿ ಸಿಗದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ಇನ್ನೊಂದು ದಾರಿಯೂ ಇದೆ: ಗರ್ಭಿಣಿಗೆ ಲಸಿಕೆ ಕೊಟ್ಟರೆ ಪ್ರತಿಕಾಯ ತಾಯಿಯಿಂದಲೇ ಮಗುವಿಗೆ ಹೋಗುತ್ತದೆ. ಬ್ರಿಟನ್ 2012ರಿಂದ ಹೀಗೆ ಮಾಡುತ್ತಿದೆ, ನನ್ನ ಮೊದಲ ಮತ ಅದಕ್ಕೇ. ಆದರೆ ಈ ಕೊಡುಗೆ ಬಹುಪಾಲು ದಾಟುವುದು ಗರ್ಭದ ಕೊನೆಯ ವಾರಗಳಲ್ಲಿ. ಅವಧಿಗೆ ಬಹಳ ಮೊದಲೇ ಹುಟ್ಟಿದ ಕೂಸಿಗೆ ಅದು ಪೂರ್ತಿ ಸಿಕ್ಕಿರುವುದಿಲ್ಲ. 1ಬಿ7 ಎಂದಾದರೂ ಆಸ್ಪತ್ರೆಗೆ ಬಂದರೆ ಮೊದಲ ಡೋಸ್ ಆ ಕೂಸುಗಳಿಗೆ ಸಲ್ಲಬೇಕು.