ಕಡಲಿಗೆ ಇಳಿಯುವ ಮುನ್ನ ಅಲೆ ಓದೋಣ

ನಮ್ಮ ವಿದುರಾಶ್ವತ್ಥದ ಪಕ್ಕದ ಹೊಳೆ ಯಾವುದು? ಉತ್ತರ ಪಿನಾಕಿನಿ. ಅದು ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುತ್ತೆ. ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುತ್ತೆ. ಕೊನೆಗೆ ನೆಲ್ಲೂರಿನ ಕಡೆ ಬಂಗಾಳ ಕೊಲ್ಲಿಯನ್ನು ಸೇರುತ್ತೆ.

ಹೊಳೆ ಪೂರ್ವದ ಕಡಲಿಗೆ ಹೋಗುತ್ತೆ. ಆದರೆ ನಾವು ಕಡಲು ನೋಡಲು ಹೋಗೋದು ಪಶ್ಚಿಮಕ್ಕೆ. ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ. ಊರಿನವರು ಸೇರಿ ಬಸ್ಸೋ ಟೆಂಪೋವೋ ಮಾಡಿಕೊಂಡು ಹೊರಡುತ್ತೇವೆ. ಶಾಲೆ ಮಕ್ಕಳೂ ಪ್ರವಾಸಕ್ಕೆ ಅತ್ತಲೇ ಹೋಗುತ್ತಾರೆ. ದೇವರ ದರ್ಶನ ಆದ ಮೇಲೆ ಎಲ್ಲರ ಕಾಲೂ ಕಡಲ ಕಡೆಗೇ.

ಅಲ್ಲಿ ನಮಗೆ ಒಂದು ತೊಂದರೆ ಇದೆ. ನಮಗೆ ಕೆರೆ ಗೊತ್ತು, ಬಾವಿ ಗೊತ್ತು. ಕಡಲು ಗೊತ್ತಿಲ್ಲ. "ಕೆರೇಲಿ ಈಜೋನಿಗೆ ಕಡಲೇನು ಮಹಾ?" ಅಂತಾರೆ ಕೆಲವರು. ಈ ಮಾತು ಸರಿಯಲ್ಲ. ಕೆರೆ ನೀರು ನಿಂತಿರುತ್ತೆ. ಕಡಲ ನೀರು ನಿಲ್ಲೋದೇ ಇಲ್ಲ.

2024ರ ಡಿಸೆಂಬರ್ 10ರಂದು ಏನಾಯಿತು ನೆನಪಿದೆಯೇ? ನಮ್ಮ ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ಮಕ್ಕಳು ಮುರ್ಡೇಶ್ವರಕ್ಕೆ ಪ್ರವಾಸ ಹೋಗಿದ್ದರು. ಅಲೆಗೆ ಸಿಕ್ಕಿ ನಾಲ್ಕು ಹೆಣ್ಣುಮಕ್ಕಳು ತೀರಿಕೊಂಡರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಅದು ಮಳೆಗಾಲವೂ ಅಲ್ಲ. ಚಳಿಗಾಲ.

ಅಲೆಯನ್ನು ನಿಲ್ಲಿಸಲು ನಮ್ಮ ಕೈಲಿ ಆಗಲ್ಲ. ಆದರೆ ಅಲೆಯನ್ನು ಓದಲು ಕಲಿಯಬಹುದು. ಅಕ್ಷರ ಕಲಿತ ಹಾಗೇ ಇದೂ ಒಂದು ಕಲಿಕೆ. ಬನ್ನಿ, ತಿಳಿಯೋಣ.

ಅಲೆ ಅಂದರೆ ಏನು?

ರಾಗಿ ಹೊಲದ ಮೇಲೆ ಗಾಳಿ ಬೀಸೋದನ್ನು ನೀವು ನೋಡಿದ್ದೀರಿ. ಪೈರು ಬಾಗುತ್ತೆ, ಮತ್ತೆ ಏಳುತ್ತೆ. ಹೊಲದ ಈ ಬದುವಿನಿಂದ ಆ ಬದುವಿಗೆ ಅಲೆ ಓಡುತ್ತೆ. ಆದರೆ ಪೈರು ಓಡುತ್ತದೆಯೇ? ಇಲ್ಲ. ಇದ್ದಲ್ಲೇ ಇರುತ್ತೆ.

ಆಳ ಕಡಲಿನಲ್ಲೂ ಹೀಗೇ. ಗಾಳಿ ನೀರನ್ನು ತಳ್ಳುತ್ತೆ. ನೀರು ಏಳುತ್ತೆ, ಇಳಿಯುತ್ತೆ. ಮುಂದೆ ಹೋಗೋದು ಗಾಳಿ ಕೊಟ್ಟ ಬಲ. ನೀರು ಹೆಚ್ಚುಕಡಿಮೆ ಅಲ್ಲೇ ಇರುತ್ತೆ.

ಅಲೆ ಎಷ್ಟು ದೊಡ್ಡದು ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ. ಗಾಳಿ ಎಷ್ಟು ಜೋರು? ಎಷ್ಟು ಹೊತ್ತು ಬೀಸಿತು? ಎಷ್ಟು ದೂರದ ನೀರಿನ ಮೇಲೆ ಬೀಸಿತು? ನಮ್ಮ ಕೆರೆ ಚಿಕ್ಕದು. ಅದಕ್ಕೇ ಅಲ್ಲಿ ಎಷ್ಟು ಗಾಳಿ ಬಂದರೂ ಸಣ್ಣ ತೆರೆ ಮಾತ್ರ. ಕಡಲು ಸಾವಿರಾರು ಕಿಲೋಮೀಟರ್ ಹರಡಿದೆ. ಆದ್ದರಿಂದ ಅಲ್ಲಿ ಅಲೆ ಬೆಳೆಯಲು ಜಾಗ ಇದೆ.

ದಡದ ಹತ್ತಿರ ನೀರಿನ ಆಳ ಕಡಿಮೆ. ಅಲೆಯ ಬುಡಕ್ಕೆ ನೆಲ ತಾಗಿ ಅದರ ವೇಗ ತಗ್ಗುತ್ತೆ. ತಲೆ ಮೇಲಕ್ಕೆ ಏಳುತ್ತೆ. ಕೊನೆಗೆ ಮಗುಚಿ ಒಡೆಯುತ್ತೆ. ಇಲ್ಲಿ ಮಾತ್ರ ನೀರೇ ಮುಂದಕ್ಕೆ ನುಗ್ಗುತ್ತೆ. ನಾವು ಆಟಕ್ಕೆ ನಿಲ್ಲೋದೂ ಇದೇ ಜಾಗದಲ್ಲಿ.

ಆ ನೀರಿನ ತೂಕ ಎಷ್ಟು ಗೊತ್ತೇ? ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕು ನೋಡಿ. ಅದು ತುಂಬಿದರೆ ಒಳಗಿನ ನೀರು 1000 ಕಿಲೋ ತೂಗುತ್ತೆ. ಸೊಂಟದ ಎತ್ತರದ ಒಂದು ಅಲೆಯಲ್ಲಿ ಇಂಥ ಹಲವು ಟ್ಯಾಂಕುಗಳ ನೀರಿರುತ್ತೆ. ಅದು ಓಡಿ ಬಂದು ಗುದ್ದಿದರೆ ಗಟ್ಟಿಮುಟ್ಟಾದ ಆಳೂ ಬೀಳುತ್ತಾನೆ. ಸೀರೆ ಉಟ್ಟವರಿಗೆ ಇನ್ನೂ ಕಷ್ಟ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತೆ.

ಗಾಳಿ ಇಲ್ಲದೆಯೂ ಅಲೆ

"ಇವತ್ತು ಗಾಳಿನೇ ಇಲ್ಲ. ಅಲೆ ಹೇಗೆ ಬರುತ್ತೆ?" ಎಂದು ಕೇಳಬಹುದು.

ದೂರದ ದಕ್ಷಿಣದಲ್ಲಿ, ಹಿಮದ ಖಂಡದ ಹತ್ತಿರದ ಸಾಗರದಲ್ಲಿ ಬಿರುಗಾಳಿ ಬೀಸುತ್ತೆ. ಅಲ್ಲಿ ಹುಟ್ಟಿದ ಅಲೆ ಹಲವು ದಿನ ಪ್ರಯಾಣ ಮಾಡಿ ನಮ್ಮ ದೇಶದ ದಡಕ್ಕೆ ಬರುತ್ತೆ. ಇಲ್ಲಿ ಆಕಾಶ ತಿಳಿಯಾಗಿರುತ್ತೆ. ಎಲೆ ಅಲ್ಲಾಡಲ್ಲ. ಆದರೂ ಕಡಲು ಉಕ್ಕುತ್ತೆ. ಕೇರಳದ ಮೀನುಗಾರರು ಇದಕ್ಕೆ 'ಕಳ್ಳಕ್ಕಡಲ್' ಅಂತಾರೆ. ಅಂದರೆ ಕಳ್ಳ ಕಡಲು. ಹೇಳದೆ ಕೇಳದೆ ಬರುತ್ತಲ್ಲ, ಅದಕ್ಕೇ ಆ ಹೆಸರು. ಈಗ ವಿಜ್ಞಾನಿಗಳೂ ಈ ಹೆಸರನ್ನೇ ಬಳಸುತ್ತಾರೆ.

ಸುನಾಮಿ ಮಾತ್ರ ಬೇರೆ. ಅದು ಗಾಳಿಯಿಂದ ಬರೋದಲ್ಲ. ಹೆಚ್ಚಾಗಿ ಕಡಲ ತಳದ ಭೂಕಂಪದಿಂದ ಬರುತ್ತೆ. 2004ರ ಡಿಸೆಂಬರ್ 26ರಂದು ತಮಿಳುನಾಡಿನ ದಡಕ್ಕೆ ಬಂದದ್ದು ಅದು.

ಉಬ್ಬರ, ಇಳಿತ

ಅಲೆಯ ಜೊತೆ ಇನ್ನೊಂದು ವಿಷಯ ಇದೆ. ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಏರೋದು ಉಬ್ಬರ. ಇಳಿಯೋದು ಇಳಿತ. ಚಂದ್ರ ಮತ್ತು ಸೂರ್ಯರ ಸೆಳೆತ ಇದಕ್ಕೆ ಕಾರಣ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು.

ಉಬ್ಬರದ ಹೊತ್ತು ದಿನದಿನಕ್ಕೂ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಇವತ್ತು ಬೆಳಗ್ಗೆ 8 ಗಂಟೆಗೆ ಉಬ್ಬರ ಬಂದರೆ ನಾಳೆ 8.50ರ ಹೊತ್ತಿಗೆ. ಬೆಳಗ್ಗೆ ನೀವು ಕೂತಿದ್ದ ಬಂಡೆ ಮಧ್ಯಾಹ್ನ ನೀರಿನಲ್ಲಿ ಮುಳುಗಿರಬಹುದು. ಬಂಡೆ ಹತ್ತಿ ಫೋಟೋ ತೆಗೆಯೋರು ಇದನ್ನು ನೆನಪಿಡಬೇಕು.

ನಾಳೆಯ ಅಲೆಯನ್ನು ಇವತ್ತೇ ಹೇಳೋದು ಹೇಗೆ?

ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆ ಇದೆ. ಅದರ ಹೆಸರು ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಚಿಕ್ಕದಾಗಿ ಇನ್‌ಕಾಯಿಸ್ ಅಂತಾರೆ. ಅದು 1999ರಲ್ಲಿ ಶುರುವಾಯಿತು. ಕಡಲ ಅಲೆಯ ಮುನ್ಸೂಚನೆ ಕೊಡೋದು ಅದರ ಕೆಲಸಗಳಲ್ಲಿ ಒಂದು.

ಅವರು ಕಡಲಿನಲ್ಲಿ ಅಲ್ಲಲ್ಲಿ ತೇಲುವ ಗುಂಡುಗಳನ್ನು ಬಿಟ್ಟಿದ್ದಾರೆ. ನಮ್ಮ ಕಾರವಾರದ ಬಳಿಯೂ ಇಂಥದ್ದನ್ನು ಬಿಟ್ಟಿದ್ದಾರೆ. ಗುಂಡು ತೇಲಿ ಹೋಗದಂತೆ ತಳಕ್ಕೆ ಕಟ್ಟಿರುತ್ತಾರೆ. ಅಲೆ ಬಂದಾಗ ಅದು ಏಳುತ್ತೆ, ಇಳಿಯುತ್ತೆ. ಎಷ್ಟು ಎದ್ದಿತು, ಎಷ್ಟು ಹೊತ್ತಿಗೊಮ್ಮೆ ಎದ್ದಿತು ಅನ್ನೋದನ್ನು ಒಳಗಿನ ಯಂತ್ರ ಅಳೆದು ದಡಕ್ಕೆ ತಿಳಿಸುತ್ತೆ. ಉಪಗ್ರಹಗಳೂ ಮೇಲಿನಿಂದ ಅಲೆಯನ್ನು ಅಳೆಯುತ್ತವೆ. ಗಾಳಿಯ ಲೆಕ್ಕವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆಗ ಮುಂದಿನ ಕೆಲವು ದಿನಗಳ ಅಲೆ ಗೊತ್ತಾಗುತ್ತೆ.

ಈ ಸೂಚನೆ ಮೀನುಗಾರರಿಗೆ, ಬಂದರಿಗೆ, ಜಿಲ್ಲಾ ಆಡಳಿತಕ್ಕೆ ಹೋಗುತ್ತೆ. ಪತ್ರಿಕೆ, ರೇಡಿಯೋ, ಟಿ.ವಿ.ಯಲ್ಲೂ ಬರುತ್ತೆ. ಮೊಬೈಲಿನಲ್ಲೂ ನೋಡಬಹುದು.

ಸೂಚನೆ ಓದೋಣ

ಕಲಿಯಲೆಂದು ನಾವೇ ಒಂದು ಮಾದರಿ ಬರೆದಿದ್ದೇವೆ. ಗಟ್ಟಿಯಾಗಿ ಓದಿ.

"ಮಂಗಳೂರಿನಿಂದ ಕಾರವಾರದವರೆಗೆ ನಾಳೆ ರಾತ್ರಿ 11.30ರ ತನಕ 2.5 ಮೀಟರಿನಿಂದ 3 ಮೀಟರ್ ಎತ್ತರದ ಅಲೆಗಳು ಏಳುವ ಸಂಭವ. ಅಲೆಯ ಅಂತರ 12 ಸೆಕೆಂಡು. ಎಚ್ಚರಿಕೆ."

ಇದರಲ್ಲಿ ಎರಡು ಲೆಕ್ಕ ಇದೆ.

ಒಂದು, ಎತ್ತರ. ಅಲೆಯ ತಗ್ಗಿನಿಂದ ನೆತ್ತಿಯವರೆಗೆ ಅಳೆಯುತ್ತಾರೆ. 3 ಮೀಟರ್ ಅಂದರೆ ಸುಮಾರು 10 ಅಡಿ. ಒಂದು ಮನೆಯ ಗೋಡೆಯಷ್ಟು. ಇದು ದೊಡ್ಡ ಅಲೆಗಳ ಸರಾಸರಿ ಲೆಕ್ಕ. ನಡುವೆ ಒಂದೊಂದು ಅಲೆ ಇದರ ಎರಡರಷ್ಟು ಹತ್ತಿರಕ್ಕೂ ಬರಬಹುದು. "ಇಷ್ಟು ಹೊತ್ತು ಚಿಕ್ಕ ಅಲೆಯೇ ಬಂತು" ಎಂದು ನಂಬಿ ಕೂರಬಾರದು.

ಎರಡು, ಅಂತರ. ಒಂದು ಅಲೆ ಬಂದ ಮೇಲೆ ಇನ್ನೊಂದು ಬರಲು ಎಷ್ಟು ಸೆಕೆಂಡು? ಇದನ್ನು ನೀವೇ ಅಳೆಯಬಹುದು. ದಡದಲ್ಲಿ ನಿಂತು ಗಡಿಯಾರ ನೋಡಿ. 10 ಅಲೆ ಬರಲು 120 ಸೆಕೆಂಡು ಆಯಿತು ಅನ್ನಿ. 120ನ್ನು 10ರಿಂದ ಭಾಗಿಸಿ. 12 ಸೆಕೆಂಡು. ಐದಾರು ಸೆಕೆಂಡಿಗೊಮ್ಮೆ ಬಂದರೆ ಅದು ಹತ್ತಿರದ ಗಾಳಿಯ ಅಲೆ. 12 ಸೆಕೆಂಡು, ಅದಕ್ಕೂ ಹೆಚ್ಚು ಆದರೆ ಅದು ದೂರದಿಂದ ಬಂದ ಅಲೆ. ನೋಡಲು ನಿಧಾನ. ಆದರೆ ಅದರ ತಳ್ಳುವ ಬಲ ಹೆಚ್ಚು.

ಸೂಚನೆಗೆ ಬಣ್ಣವೂ ಇರುತ್ತೆ. ಹಸಿರು ಅಂದರೆ ಎಚ್ಚರಿಕೆ ಇಲ್ಲ. ಹಳದಿ ಅಂದರೆ ಗಮನ ಇರಲಿ. ಕಿತ್ತಳೆ ಅಂದರೆ ಹುಷಾರು. ಕೆಂಪು ಅಂದರೆ ದೊಡ್ಡ ಅಪಾಯ.

ಒಂದೇ ಅಲೆ, ಬೇರೆ ಬೇರೆ ಜನ

ಒಂದೇ ಸೂಚನೆಯನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿ ಓದುತ್ತಾರೆ. ಮಲ್ಪೆಯ ಮೀನುಗಾರ ದೋಣಿ ಬಿಡಬೇಕೋ ಬೇಡವೋ ಎಂದು ನೋಡುತ್ತಾನೆ. ಮೂಲ್ಕಿ, ಸಸಿಹಿತ್ಲು ಕಡೆ ಹಲಗೆಯ ಮೇಲೆ ನಿಂತು ಅಲೆಯ ಮೇಲೆ ಜಾರುವ ಆಟ ಆಡುತ್ತಾರೆ. ಅದಕ್ಕೆ ಸರ್ಫಿಂಗ್ ಅಂತಾರೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇದರ ದೊಡ್ಡ ಪಂದ್ಯವೇ ನಡೆಯಿತು. ಅವರಿಗೆ ಒಳ್ಳೆ ಅಲೆ ಬೇಕು. ಅವರು ಕಲಿತವರು. ಅವರನ್ನು ನೋಡಿ ನಾವು ನೀರಿಗೆ ಹಾರಬಾರದು.

ಮಂಗಳೂರಿನ ಸುತ್ತ ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಸೋಮೇಶ್ವರ ಕಡಲ ತೀರಗಳಿವೆ. ಎಲ್ಲವೂ ಒಂದೇ ಥರ ಅಲ್ಲ. ಸೋಮೇಶ್ವರದಲ್ಲಿ ಬಂಡೆಗಳಿವೆ. ಒಂದು ಕಡೆ ನಿಧಾನ ಇಳಿಜಾರು, ಇನ್ನೊಂದು ಕಡೆ ದಿಢೀರ್ ಆಳ. ಆದ್ದರಿಂದ ಊರ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿ. "ಅಣ್ಣಾ, ಇಲ್ಲಿ ಇಳಿಯಬಹುದಾ?" ಒಂದು ಮಾತು ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆಗ ಅರಬ್ಬಿ ಕಡಲು ಕೆರಳಿರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ ಇದೆ. ಮೀನು ಮರಿ ಬೆಳೆಯಲಿ ಎಂದು ಈ ನಿಷೇಧ. ಕಡಲು ಒರಟಾಗಿರೋದೂ ಅದೇ ಹೊತ್ತಿನಲ್ಲಿ. ದಿನವೂ ಕಡಲಿಗೆ ಹೋಗೋರೇ ದಡದಲ್ಲಿ ಕೂತಿರುವಾಗ ನಾವು ಇಳಿಯಬಹುದೇ?

ಸೆಳವು ಎಂಬ ಗಂಡಿ

ಈಗ ಎಲ್ಲಕ್ಕಿಂತ ಮುಖ್ಯವಾದ ಪಾಠ.

ಗದ್ದೆಯ ಬದು ಒಂದು ಕಡೆ ಒಡೆದರೆ ಏನಾಗುತ್ತೆ? ನೀರೆಲ್ಲ ಆ ಗಂಡಿಯಲ್ಲೇ ನುಗ್ಗುತ್ತೆ. ಕಡಲಲ್ಲೂ ಹಾಗೇ. ಅಲೆಗಳು ನೀರನ್ನು ದಡಕ್ಕೆ ತಂದು ತುಂಬುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ಮರಳು ದಿಬ್ಬದ ನಡುವೆ ತಗ್ಗು ಇರುವ ಕಡೆ ಅದು ಹೊಳೆಯಂತೆ ಒಳಕ್ಕೆ ಹರಿಯುತ್ತೆ. ಇದೇ ಸೆಳವು.

ಮೋಸ ಏನು ಗೊತ್ತೇ? ಸೆಳವು ಇರುವ ಕಡೆ ಅಲೆ ಹೆಚ್ಚು ಒಡೆಯಲ್ಲ. ಎರಡು ಕಡೆ ಬಿಳಿ ನೊರೆ, ನಡುವೆ ಮಾತ್ರ ಶಾಂತ ನೀರು. ನೀರಿನ ಬಣ್ಣ ಕೊಂಚ ಗಾಢ. ಹೊಸಬರು "ಇಲ್ಲಿ ಅಲೆ ಕಡಿಮೆ" ಎಂದು ಅಲ್ಲಿಗೇ ಹೋಗುತ್ತಾರೆ. ಅದೇ ಅಪಾಯದ ಜಾಗ.

ಸೆಳವು ತಳಕ್ಕೆ ಎಳೆಯಲ್ಲ. ದೂರಕ್ಕೆ ಎಳೆಯುತ್ತೆ. ದಡದ ಕಡೆಗೇ ಈಜಲು ಹೋಗಿ ಸೋತು ಮುಳುಗುವವರೇ ಹೆಚ್ಚು. ಸಿಕ್ಕಿಕೊಂಡರೆ ಹೀಗೆ ಮಾಡಿ. ಗಾಬರಿ ಬೇಡ. ಮುಖ ಮೇಲೆ ಮಾಡಿ ತೇಲಿ. ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ನೇರ ಬೇಡ, ದಡದ ಉದ್ದಕ್ಕೆ ಅಡ್ಡಲಾಗಿ ಈಜಿ. ಸೆಳವು ಅಗಲ ಇರಲ್ಲ. ಅದರಿಂದ ಹೊರಗೆ ಬಂದ ಮೇಲೆ ದಡದ ಕಡೆ ತಿರುಗಿ.

ಯಾರಾದರೂ ಕೊಚ್ಚಿ ಹೋಗುತ್ತಿದ್ದರೆ ಒಬ್ಬರ ಹಿಂದೆ ಒಬ್ಬರು ಹಾರಬೇಡಿ. ಒಂದು ಜೀವದ ಜೊತೆ ಇನ್ನೊಂದು ಹೋಗುತ್ತೆ. ಹಗ್ಗ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಅದು ತೇಲುತ್ತೆ, ಹಿಡಿದುಕೊಳ್ಳಬಹುದು. ಜೀವರಕ್ಷಕರನ್ನು ಕೂಗಿ. 112ಕ್ಕೆ ಫೋನ್ ಮಾಡಿ.

ಬಾವುಟ, ಬೋರ್ಡು

ಕಡಲ ತೀರದಲ್ಲಿ ಬಾವುಟ ಇದ್ದರೆ ನೋಡಿ. ಕೆಂಪು ಬಾವುಟ ಅಂದರೆ ಅಪಾಯ, ನೀರಿಗೆ ಇಳಿಯಬಾರದು. ಅರ್ಧ ಕೆಂಪು, ಅರ್ಧ ಹಳದಿ ಬಾವುಟ ಎರಡು ಕಡೆ ನೆಟ್ಟಿದ್ದರೆ ಅವುಗಳ ನಡುವಿನ ಜಾಗವನ್ನು ಜೀವರಕ್ಷಕರು ಕಾಯುತ್ತಾರೆ. ಬಾವುಟವೂ ಇಲ್ಲ, ಕಾಯುವವರೂ ಇಲ್ಲ ಅಂದರೆ ದಡದಲ್ಲೇ ನಿಂತು ನೋಡೋದು ಒಳ್ಳೆಯದು.

ಅಲ್ಲಿ ಬೋರ್ಡೂ ಇರುತ್ತೆ. "ಅಪಾಯ. ನೀರಿಗೆ ಇಳಿಯಬೇಡಿ." ಅಕ್ಷರ ಬಾರದವರಿಗೆ ಅದು ಬರೀ ಹಲಗೆ. ನಿಮಗೆ ಈಗ ಅಕ್ಷರ ಬಂದಿದೆ. ನೀವು ಓದಿ. ಜೊತೆಯವರಿಗೂ ಓದಿ ಹೇಳಿ. "ದುಡ್ಡು ಕೊಟ್ಟು ಬಂದಿದ್ದೀವಿ, ಒಂದು ಸಲ ಇಳಿದು ಬರೋಣ" ಎಂದು ಯಾರಾದರೂ ಅಂದರೆ "ಬೇಡ" ಎನ್ನಲು ಅಂಜಬೇಡಿ. ಕಡಲು ಎಲ್ಲಿಗೂ ಹೋಗಲ್ಲ. ಇನ್ನೊಂದು ಸಲ ಬರಬಹುದು.

ನೆನಪಿಡಿ

1. ಹೊರಡುವ ಮುನ್ನ ಅಲೆಯ ಸೂಚನೆ ಕೇಳಿ ಅಥವಾ ಓದಿ.
2. ನೀರಿಗೆ ಇಳಿಯುವ ಮುನ್ನ ಹತ್ತು ನಿಮಿಷ ಅಲೆ ನೋಡಿ.
3. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರುವಷ್ಟು ಹೋಗಬೇಡಿ. ಅಲೆ ಜೋರಿದ್ದರೆ ಅಷ್ಟೂ ಬೇಡ.
4. ಮಕ್ಕಳ ಕೈ ಬಿಡಬೇಡಿ. ಕಡಲಿಗೆ ಬೆನ್ನು ಹಾಕಬೇಡಿ.
5. ಕತ್ತಲಾದ ಮೇಲೆ, ಕುಡಿದ ಮೇಲೆ ನೀರಿಗೆ ಇಳಿಯಲೇಬೇಡಿ.
6. ಪ್ರವಾಸದ ಬಸ್ಸಿನಲ್ಲಿ ಒಂದು ಉದ್ದ ಹಗ್ಗ ಇರಲಿ.

ಯೋಚಿಸಿ, ಹೇಳಿ

1. ಕೆರೆ ನೀರಿಗೂ ಕಡಲ ನೀರಿಗೂ ಏನು ವ್ಯತ್ಯಾಸ?
2. 10 ಅಲೆ ಬರಲು 80 ಸೆಕೆಂಡು ಆದರೆ ಅಲೆಯ ಅಂತರ ಎಷ್ಟು?
3. ಸೆಳವು ಇರುವ ಜಾಗವನ್ನು ಗುರುತಿಸೋದು ಹೇಗೆ?
4. ನಿಮ್ಮ ಊರಿನ ಶಾಲೆಯಿಂದ ಮಕ್ಕಳು ಕಡಲಿಗೆ ಪ್ರವಾಸ ಹೊರಟರೆ ಮೇಷ್ಟರನ್ನು ನೀವು ಯಾವ ಮೂರು ಪ್ರಶ್ನೆ ಕೇಳುತ್ತೀರಿ? ಬರೆಯಿರಿ.