ಮಹಾವೀರಾಚಾರ್ಯನ ಒಂದು ಹಾರಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಪ್ರಶಂಸೆಯನ್ನು ಆದಿಯಲ್ಲಿ ಉಳ್ಳ ‘ಗಣಿತಸಾರಸಂಗ್ರಹ’ವು ಸುಮಾರು ಕ್ರಿ. ಶ. 850ರಲ್ಲಿ ಜೈನಾಚಾರ್ಯನಾದ ಮಹಾವೀರನಿಂದ ಸಂಸ್ಕೃತದಲ್ಲಿ ರಚಿತವಾಯಿತು. 1912ರಲ್ಲಿ ಎಂ. ರಂಗಾಚಾರ್ಯರು ಆಂಗ್ಲಾನುವಾದ ಸಹಿತವಾಗಿ ಮದರಾಸಿನಲ್ಲಿ ಇದನ್ನು ಪ್ರಕಟಿಸಿದರು. ಇದರ ಗುಣಾಕಾರದ ಉದಾಹರಣೆಗಳಲ್ಲಿ, ಮಣಿಗಳನ್ನು ಸಮನಾಗಿ ಪೋಣಿಸಿದ ಹಾರದಂತೆ ಎರಡು ತುದಿಗಳಿಂದಲೂ ಒಂದೇ ಬಗೆಯಾಗಿ ತೋರುವ ಗುಣಲಬ್ಧಗಳುಂಟು. ಅಂಥ ಕೆಲವನ್ನು ಆಚಾರ್ಯನು ಕಂಠಾಭರಣವೆಂದೇ ಕರೆದಿರುವನು. ಅವುಗಳ ಜಾತಿಗೆ ಸೇರಿದ 12345654321 ಎಂಬುದು ವಿಶೇಷವಾಗಿ ವಿಚಾರಾರ್ಹವಾದುದು.

ಈ ಸಂಖ್ಯೆಯ ಅಂಕಗಳನ್ನು ಒಂದೊಂದಾಗಿ ಹೇಳದೆ, ಒಂದು ಮೊದಲ್ಗೊಂಡು ಆರರವರೆಗೆ ಏರಿ ಅನಂತರ ಕ್ರಮವಾಗಿ ಇಳಿಯುವುದೆಂದಷ್ಟೇ ಆಚಾರ್ಯನು ವರ್ಣಿಸಿರುವನು. ಇಷ್ಟರಿಂದಲೇ ಸಂಖ್ಯೆಯು ನಿಶ್ಚಿತವಾಗಬೇಕಾದರೆ, ಅಂಕದ ಬೆಲೆಯು ಅದು ನಿಂತಿರುವ ಸ್ಥಾನವನ್ನು ಅವಲಂಬಿಸುವುದೆಂಬ ತತ್ತ್ವವು ಓದುವವನಿಗೆ ಮೊದಲೇ ಕರಗತವಾಗಿರಬೇಕು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನನಾಮಗಳ ಪಟ್ಟಿಯನ್ನೂ ಆಚಾರ್ಯನು ಕೊಟ್ಟಿರುವನು. ಆದರೆ ಪಟ್ಟಿಯನ್ನು ಅರ್ಥವರಿಯದೆಯೂ ಬಾಯಿಪಾಠ ಮಾಡಬಹುದು. ಸ್ಥಾನಮೌಲ್ಯವು ಆ ಕಾಲದ ಗಣಿತಾಭ್ಯಾಸಿಗಳಿಗೆ ಸಹಜವಾಗಿತ್ತೆಂಬುದಕ್ಕೆ ಈ ವರ್ಣನೆಯೇ ಹೆಚ್ಚು ಬಲವಾದ ಸಾಕ್ಷಿ. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕೆಂಬ ಸಂಪ್ರದಾಯದಿಂದ ಹೊಸಬರಿಗೆ ಉಂಟಾಗುವ ತೊಡಕೂ ಇಲ್ಲಿಲ್ಲ. ಯಾವ ಕಡೆಯಿಂದ ಓದಿದರೂ ಸಂಖ್ಯೆ ಅದೇ. ಆ ಪಟ್ಟಿಯ ಪ್ರಕಾರ ಇದರ ಎಡತುದಿಯ ಅಂಕವು ಹನ್ನೊಂದನೆಯದಾದ ಅರ್ಬುದಸ್ಥಾನದಲ್ಲಿ ನಿಲ್ಲುವುದು. ಇಂದಿನ ವ್ಯವಹಾರದಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321.

ಉದಾಹರಣೆಯಲ್ಲಿರುವ ಗುಣ್ಯವು 27994681, ಗುಣಕವು 441. ಇವೆರಡೂ ವರ್ಗಗಳೇ: ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111 ಬರುವುದರಿಂದ, ನಮ್ಮ ಹಾರವು ಆರು ಒಂದುಗಳುಳ್ಳ ಈ ಸಂಖ್ಯೆಯ ವರ್ಗವೆಂದು ಸಿದ್ಧವಾಯಿತು. 111111ನ್ನು ತನ್ನಿಂದಲೇ ಗುಣಿಸುವಾಗ ಆರು ಪಂಕ್ತಿಗಳಲ್ಲಿಯೂ ಅದೇ ಸಂಖ್ಯೆ ಬಂದು, ಪ್ರತಿಯೊಂದು ಪಂಕ್ತಿಯೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುವುದು. ಕೂಡಿಸಿದಲ್ಲಿ ಬಲತುದಿಯ ಸ್ಥಾನದಲ್ಲಿ ಒಂದು, ಮುಂದಿನದರಲ್ಲಿ ಎರಡು, ಹೀಗೆಯೇ ಆರನೆಯದರಲ್ಲಿ ಆರು. ಅಲ್ಲಿಂದಾಚೆಗೆ ಪಂಕ್ತಿಗಳು ಒಂದೊಂದಾಗಿ ಮುಗಿಯುವುದರಿಂದ ಇಳಿತ. ಯಾವ ಸ್ಥಾನದಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದ ಕಾರಣ, ದಶಕವನ್ನು ಎಡಕ್ಕೆ ಸೇರಿಸುವ ಪ್ರಸಂಗವಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಡೆಯುವುದು. ಹತ್ತು ಒಂದುಗಳ ವರ್ಗವಾದರೋ 1234567900987654321 ಆಗಿ, ಹಾರವು ನಡುವೆ ಕಡಿದುಹೋಗುವುದು. ಇಂಥ ಸಂಖ್ಯೆಗಳಲ್ಲಿ ಮಂತ್ರಶಕ್ತಿಯನ್ನು ಅರಸುವವರು ಈ ಹತ್ತನೆಯ ಮೆಟ್ಟಿಲನ್ನು ಒಮ್ಮೆ ಏರಿ ನೋಡುವುದು ಲೇಸು.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಇವು ಒಂದೊಂದೂ ಎರಡೆರಡು ಸಾರಿ ಬರುವುವು. ಭಾಜಕವನ್ನು ರಚಿಸುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಐದಕ್ಕೂ ಮೂರು ಮೂರು ಮಾರ್ಗಗಳಿರುವುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳು. ಆಚಾರ್ಯನು 3ನ್ನೂ 7ನ್ನೂ ಒಂದು ಕಡೆಗೆ ಕೂಡಿಸಿ 21 ಎಂದು ಹಿಡಿದು, ಉಳಿದವನ್ನು ಗುಣ್ಯದಲ್ಲಿ ಅಡಗಿಸಿದನು. 3ರೊಡನೆ 11ನ್ನು ತೆಗೆದುಕೊಂಡಿದ್ದರೆ ಶಿಷ್ಯನು 11336689ನ್ನು 1089ರಿಂದ ಗುಣಿಸಬೇಕಾಗುತ್ತಿತ್ತು. ದೊರೆಯುವ ಹಾರವು ಇದೇ.