ಆರೈಕೆ ಪಡೆಯುವುದು ನಾಚಿಕೆಯ ಮಾತಲ್ಲ



ಜೀವಮಾನವಿಡೀ ಹತ್ತು ಮಂದಿಗೆ ಅನ್ನವಿಕ್ಕಿದ ಕೈ ಮುಪ್ಪಿನಲ್ಲಿ ಒಂದು ತಂಬಿಗೆ ನೀರು ಕೇಳಲು ಹಿಂಜರಿಯುತ್ತದೆ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಸೊಸೆಯನ್ನು ಎಬ್ಬಿಸಬೇಕಲ್ಲ ಎಂದು ಎಷ್ಟೋ ತಾಯಂದಿರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಕಾಲಿಗೆ ಗಾಯವಾದರೆ ಧೋತರದ ಅಂಚಿನಲ್ಲಿ ಮುಚ್ಚಿಕೊಂಡು ಕೂಡುವ ಹಿರಿಯರಿದ್ದಾರೆ. ಕೇಳಿದರೆ, "ಯಾರಿಗೂ ತ್ರಾಸು ಕೊಡಬಾರದಪ್ಪಾ" ಎನ್ನುತ್ತಾರೆ. ಕೇಳಲು ದೊಡ್ಡ ಮಾತು. ಆದರೆ ಅದರ ಫಲವೇನು?

ವಯಸ್ಸಾದಂತೆ ಬಾಯಾರಿಕೆ ತಾನಾಗಿಯೇ ಕಡಿಮೆಯಾಗುತ್ತದೆ. ಅದರ ಮೇಲೆ ನೀರನ್ನೂ ಬಿಟ್ಟರೆ ಉರಿಮೂತ್ರ, ಮಲಬದ್ಧತೆ, ತಲೆಸುತ್ತು ಬೆನ್ನು ಹತ್ತುತ್ತವೆ. ನಿನ್ನೆಯವರೆಗೆ ಸರಿಯಾಗಿ ಮಾತಾಡಿಕೊಂಡಿದ್ದ ಅಜ್ಜಿ ಇಂದು ಏಕಾಏಕಿ ಮಂಕಾಗಿ ಏನೇನೋ ಬಡಬಡಿಸತೊಡಗಿದರೆ ಮನೆಯವರು ದೆವ್ವ, ಗಾಳಿ ಎಂದು ಹೆದರುತ್ತಾರೆ. ಅನೇಕ ಬಾರಿ ಅದರ ಹಿಂದಿರುವುದು ನೀರಿನ ಕೊರತೆ, ಇಲ್ಲವೆ ಮೂತ್ರದ ಸೋಂಕು. ತಲೆಸುತ್ತಿ ಬಿದ್ದು ತೊಡೆಯ ಮೂಳೆ ಮುರಿಯಿತೆಂದರೆ, ಒಂದು ರಾತ್ರಿ ಒಬ್ಬರಿಗೆ ತ್ರಾಸು ಬೇಡವೆಂದವರು ಆರು ತಿಂಗಳು ಇಡೀ ಮನೆಯ ಕೈಯಲ್ಲಿ ಮಾಡಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಹಗಲಿನಲ್ಲಿ ಚೆನ್ನಾಗಿ ನೀರು, ಮಜ್ಜಿಗೆ, ಅಂಬಲಿ ಕುಡಿಯಬೇಕು, ಸಂಜೆಯ ಮೇಲೆ ಕಡಿಮೆ ಮಾಡಬೇಕು, ಮಂಚದ ಪಕ್ಕದಲ್ಲಿ ರಾತ್ರಿಗೊಂದು ಮೂತ್ರದ ಪಾತ್ರೆ ಇಟ್ಟುಕೊಳ್ಳಬೇಕು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಎಷ್ಟು ನೀರೆಂದು ವೈದ್ಯರನ್ನು ಕೇಳಿಯೇ ಕುಡಿಯತಕ್ಕದ್ದು.

ದಾಸೋಹದ ಅರ್ಥವನ್ನು ನಾವು ಅರ್ಧ ಮಾತ್ರ ಕಲಿತಿದ್ದೇವೆಯೋ ಏನೋ ಎನಿಸುತ್ತದೆ. ನೀಡುವವನು ತಾನು ದಾಸನೆಂದು ಬಾಗುತ್ತಾನೆ, ಸ್ವೀಕರಿಸುವವನು ಕೀಳಾಗುವುದಿಲ್ಲ. ಉಣ್ಣುವವರು ಇಲ್ಲದಿದ್ದರೆ ದಾಸೋಹವೆಲ್ಲಿಯದು? ಜಾತ್ರೆಯಲ್ಲಿ ಸಾವಿರ ಜನರಿಗೆ ಬಡಿಸಿದ ಗೌಡರು ತಮ್ಮ ಮನೆಯ ಪಡಸಾಲೆಯಲ್ಲಿ ಮೊಮ್ಮಗನ ಕೈಯಿಂದ ಒಂದು ತುತ್ತು ಉಣ್ಣಲು ನಾಚುವುದು ವಿನಯವಲ್ಲ. ಅದರೊಳಗೆ ಒಂದಿಷ್ಟು ಅಹಂಕಾರವೂ ಸೇರಿರುತ್ತದೆ ಎಂದರೆ ಹಿರಿಯರು ಸಿಟ್ಟಾಗಬಾರದು.

ಇನ್ನು ಮಕ್ಕಳ ಕಡೆಗೆ ಬರೋಣ. ಮುದುಕರು ಹಾಸಿಗೆ ಹಿಡಿದರೆಂದರೆ ಅವರ ಮಂಚವನ್ನು ಹಿತ್ತಲ ಕೋಣೆಗೆ ಒಯ್ಯುವ ರೂಢಿ ಕೆಲವು ಮನೆಗಳಲ್ಲಿದೆ. ಕಾಳಿನ ಚೀಲ, ಹಳೆಯ ಪೆಟ್ಟಿಗೆ, ಅವುಗಳ ನಡುವೆ ತಂದೆ! ಸ್ವಂತ ಮನೆಯಲ್ಲಿಯೇ ಪರದೇಶಿಯಾಗುವುದೆಂದರೆ ಇದೇ. ಮಂಚ ಪಡಸಾಲೆಯಲ್ಲಿರಲಿ. ಬೀದಿ ಕಾಣಲಿ, ಎತ್ತಿನ ಗೆಜ್ಜೆ ಕೇಳಲಿ, ಹೋಗಿಬರುವವರು "ಆರಾಮ ಅದೀರೇನ್ರೀ" ಎಂದು ಮಾತಾಡಿಸಿ ಹೋಗಲಿ. ಮಂಚದ ಎತ್ತರ, ಕುಳಿತಾಗ ಎರಡೂ ಪಾದ ನೆಲಕ್ಕೆ ಊರುವಷ್ಟಿರಬೇಕು. ನಮ್ಮ ಹಳೆಯ ಮನೆಗಳ ಹೊಸ್ತಿಲು ಎತ್ತರ, ಬಚ್ಚಲ ಕಲ್ಲು ಸವೆದು ನುಣುಪು. ಮುಪ್ಪಿನವರು ಎಡವುವುದು, ಜಾರುವುದು ಹೆಚ್ಚಾಗಿ ಈ ಎರಡೇ ಕಡೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕೊಳವೆ ಹಾಕಿಸಿ, ಕಲ್ಲಿಗೆ ಉಳಿಪೆಟ್ಟು ಹಾಕಿಸಿ ಒರಟು ಮಾಡಿಸಿ, ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಕುಕ್ಕರಗಾಲಿನಲ್ಲಿ ಕೂಡಲಾರದವರಿಗೆ ನಡುವೆ ತೂತಿರುವ ಕುರ್ಚಿ ಪೇಟೆಯಲ್ಲಿ ಸಿಗುತ್ತದೆ, ಊರ ಬಡಿಗನೂ ಮಾಡಿಕೊಟ್ಟಾನು. ಮದುವೆಯ ಪೆಂಡಾಲಿಗೆ ಸುರಿಯುವ ಹಣದಲ್ಲಿ ಇದೆಷ್ಟರದು!

ಪೂರ್ತಿ ಮಲಗಿದವರಿಗೆ ಬೆನ್ನಹುಣ್ಣಿನ ಭಯ ದೊಡ್ಡದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಮೂಳೆ, ಹಿಮ್ಮಡಿ ಇವುಗಳನ್ನು ದಿನವೂ ನೋಡಬೇಕು. ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಆರಂಭವಾಗಿದೆ ಎಂದೇ ತಿಳಿಯಿರಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ಆ ಭಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು, ದವಾಖಾನೆಗೆ ತಿಳಿಸಬೇಕು. ಸಕ್ಕರೆ ಕಾಯಿಲೆಯವರ ಅಂಗಾಲನ್ನು ಮಕ್ಕಳೇ ದಿನಕ್ಕೊಮ್ಮೆ ನೋಡಲಿ, ಮುಳ್ಳು ಚುಚ್ಚಿದರೂ ಅವರಿಗೆ ಗೊತ್ತಾಗದಿರಬಹುದು. ಉಣಿಸುವಾಗ ಎಬ್ಬಿಸಿ ಕೂರಿಸಿಯೇ ಉಣಿಸಬೇಕು, ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಲಕ್ವ ಹೊಡೆದವರು ನೀರು ಕುಡಿಯುವಾಗ ಪ್ರತಿಸಲ ಕೆಮ್ಮುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಈ ಕೆಲಸಗಳಲ್ಲಿ ಕಲಿಯಲಾರದ್ದು ಯಾವುದೂ ಇಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿದರೆ ತೋರಿಸಿಕೊಡುತ್ತಾರೆ.

ಆದರೆ ಮಾಡುವವರು ಯಾರು? ಮಗ ಕಟ್ಟೆಯ ಮೇಲೆ ಕುಳಿತು "ಅವ್ವನ ಸೇವೆ ನಡೆದದ" ಎನ್ನುತ್ತಾನೆ, ಒಳಗೆ ಸೊಸೆಯ ಸೊಂಟ ಮುರಿಯುತ್ತಿರುತ್ತದೆ. ಕೀರ್ತಿ ಒಬ್ಬರಿಗೆ, ದುಡಿಮೆ ಒಬ್ಬರಿಗೆ ಎಂಬ ಈ ಲೆಕ್ಕ ಸರಿಯಲ್ಲ. ತಂದೆಯ ಮೈ ತೊಳೆಯುವುದು, ಮಗ್ಗುಲು ಬದಲಿಸುವುದು ಮಗನ ಕೆಲಸವೇ. ಹೆತ್ತವಳ ಪಾದ ನೀವಿದರೆ ಗಂಡಸುತನ ಕರಗುವುದಿಲ್ಲ. ಹೆಣ್ಣುಮಕ್ಕಳು ತವರಿಗೆ ಬಂದಾಗ ನಾಲ್ಕು ದಿನ ಹಾಸಿಗೆಯ ಪಕ್ಕ ನಿಂತು, ಅತ್ತಿಗೆಗೆ ಅವಳ ತವರಿಗೆ ಹೋಗಿಬರಲು ಅವಕಾಶ ಮಾಡಿಕೊಡಲಿ. ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ವಾರಕ್ಕೊಮ್ಮೆ ಫೋನಿನಲ್ಲಿ ಉಪದೇಶ ಮಾಡುವ ಬದಲು ಕೆಲಸಕ್ಕೆ ಒಬ್ಬರನ್ನಿಟ್ಟುಕೊಳ್ಳಲು ತಿಂಗಳಿಗಿಷ್ಟು ಹಣ ಕಳುಹಿಸಿದರೆ ಅದು ಹೆಚ್ಚಿನ ಸೇವೆ.

ಹಿರಿಯರೂ ಸೊಸೆಗೆ ಒಂದು ಒಳ್ಳೆಯ ಮಾತು ಹೇಳುವುದನ್ನು ಕಲಿಯಬೇಕು. "ಉಂಡೇನವಾ ತಂಗೀ?" ಎಂದು ಕೇಳಿದರೆ ಖರ್ಚಿಲ್ಲ. ಕೈಲಾದದ್ದು ಮಾಡುತ್ತಿರಬೇಕು. ಹತ್ತಿಬತ್ತಿ ಹೊಸೆಯುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಮೊಮ್ಮಕ್ಕಳಿಗೆ ಕಥೆ ಹೇಳುವುದು, ಮಳೆ ನಕ್ಷತ್ರ ನೋಡಿ ಬಿತ್ತನೆಯ ಮಾತು ಹೇಳುವುದು, ಇವೆಲ್ಲ ಕಾಯಕವೇ. ಮಗನೂ ಕೇಳಬೇಕು. ಎಮ್ಮೆ ಮಾರುವ ಮುನ್ನ, ಸಂಬಂಧ ಬೆಳೆಸುವ ಮುನ್ನ ಹಾಸಿಗೆಯ ಪಕ್ಕ ಕುಳಿತು "ಅಪ್ಪಾ, ಏನು ಮಾಡೋಣ?" ಎಂದು ಕೇಳಿದ ದಿನ ಆ ಜೀವ ಎರಡು ತುತ್ತು ಹೆಚ್ಚು ಉಣ್ಣುತ್ತದೆ. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ಗುಡಿಗೆ ಹೋಗಲಾರೆನೆಂಬ ಕೊರಗು ಬೇಡ. ದಿಂಬಿಗೆ ಒರಗಿಸಿ ಕೂರಿಸಿ, ಮುಖ ತೊಳೆಸಿ, ವಿಭೂತಿ, ಪತ್ರೆ, ನೀರು ಮುಂದಿಟ್ಟರೆ ಪೂಜೆ ಸಾಗುತ್ತದೆ.

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರನ್ನು ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದ ಮಠಕ್ಕೆ ಕರೆತಂದು ಅಲ್ಲಿಯೇ ಉಪಚಾರ ಮಾಡಲಾಯಿತು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದದ್ದು ಮಠದಲ್ಲಿಯೇ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಆಸ್ಪತ್ರೆಗೆ ಹೋಗಲೊಪ್ಪದೆ ಆಶ್ರಮದಲ್ಲಿಯೇ ವೈದ್ಯರ ಉಪಚಾರ ಪಡೆದು 2023ರ ಜನವರಿ 2ರಂದು ಬಯಲಾದರು. ತಮ್ಮ ದೇಹಕ್ಕೆ ಅಗ್ನಿಸ್ಪರ್ಶವಾಗಬೇಕು, ಸ್ಮಾರಕ ಬೇಡ ಎಂದು 2014ರಲ್ಲಿಯೇ ಬರೆದಿಟ್ಟಿದ್ದರು. ಇಬ್ಬರೂ ಲಕ್ಷಾಂತರ ಜನರಿಗೆ ನೀಡಿದವರು, ಕೊನೆಗೆ ಶಿಷ್ಯರ ಕೈಯಿಂದ ಸೇವೆ ಪಡೆದವರು. ಇದನ್ನು ಕೇಳಿ ಆಸ್ಪತ್ರೆಯೇ ಬೇಡವೆಂದು ಯಾರೂ ಹಟ ಹಿಡಿಯಬಾರದು. ಎದೆನೋವು ಬಂದಾಗ, ಬಾಯಿ ಸೊಟ್ಟಗಾಗಿ ಕೈಕಾಲು ಸೋತಾಗ, ಮೂಳೆ ಮುರಿದಾಗ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಗುಣವಾಗುವ ರೋಗಕ್ಕೆ ಆಸ್ಪತ್ರೆಯೇ ಸರಿ. ಗುಣವಾಗದ ಮುಪ್ಪಿಗೆ ಮನೆ ಬೇಕು.

ಆ ಮನೆ ಕೈಯಲ್ಲಿ ಉಳಿಯಬೇಕಲ್ಲ! ಅದಕ್ಕಾಗಿ ಒಂದು ಲೌಕಿಕದ ಮಾತು. ಮಕ್ಕಳ ಮೇಲಿನ ಮಮತೆಗೆ ಮನೆ, ಹೊಲಗಳನ್ನೆಲ್ಲ ದಾನಪತ್ರ ಬರೆದುಕೊಟ್ಟು ಆಮೇಲೆ ಮಠದ ಜಗುಲಿಯಲ್ಲಿ ಬಂದು ಕೂಡುವವರನ್ನು ನೋಡಿದ್ದೇವೆ. ಮೃತ್ಯುಪತ್ರವನ್ನು ಬದುಕಿರುವವರೆಗೆ ಬದಲಿಸಬಹುದು, ದಾನಪತ್ರ ನೋಂದಣಿಯಾದರೆ ಆಸ್ತಿ ಕೈಬಿಟ್ಟಂತೆಯೇ. ಕೊಡಲೇಬೇಕೆಂದಿದ್ದರೆ ತಮ್ಮ ಅನ್ನ, ವಸ್ತ್ರ, ಔಷಧ, ಆರೈಕೆಯನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಹಿರಿಯರು ಕೇಳಬಹುದು. ಷರತ್ತು ಪತ್ರದಲ್ಲಿಲ್ಲದಿದ್ದರೆ ವಾದ ಬಿಗಿಯಾಗುತ್ತದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಜೀವನಾಂಶದ ಅರ್ಜಿಯೂ ಅಲ್ಲಿಯೇ, ಅದನ್ನು 90 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ಈ ಹೊಣೆ ಗಂಡುಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ, ಪ್ರಾಯಕ್ಕೆ ಬಂದ ಮೊಮ್ಮಕ್ಕಳಿಗೂ ಇದೆ. ಕಚೇರಿಗೆ ಹೋಗುವ ಮುನ್ನ ಯಾರನ್ನಾದರೂ ಕೇಳಬೇಕೆನಿಸಿದರೆ 14567 ಎಂಬ ಹಿರಿಯರ ಸಹಾಯವಾಣಿಗೆ ಹಣವಿಲ್ಲದೆ ಫೋನು ಮಾಡಬಹುದು. ಅಂಕಿ ಒತ್ತಲು ಕಣ್ಣು ಕಾಣದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.